ಎರಡು ಬಸ್ಸುಗಳ ಷರತ್ತು

ವರ್ಲೀನ್ ಸ್ಟಿಲ್ಟ್ನರ್ ಇಪ್ಪತ್ತೊಂಬತ್ತು ವರ್ಷ ಟ್ಯಾನ್ಸಿ ಕೌಂಟಿ ಎಂಬ ಪುಟ್ಟ ಜಿಲ್ಲೆಯ ಶಾಲಾ ಬಸ್ಸು ಓಡಿಸಿದಳು. ಹಿಕರಿ ಕಣಿವೆಯಲ್ಲಿ ಯಾರ ಮನೆಯ ಮಗು ಯಾವ ಗೇಟಿನ ಬಳಿ ನಿಲ್ಲುತ್ತದೆ, ಯಾವುದಕ್ಕೆ ಚಳಿಗಾಲದಲ್ಲೂ ಕೈಗವಸು ಇಲ್ಲ, ಯಾವುದಕ್ಕೆ ತಿರುವು ಬಂದರೆ ಹೊಟ್ಟೆ ತೊಳಸುತ್ತದೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಅರವತ್ತೊಂದಕ್ಕೆ ನಿವೃತ್ತಳಾಗಿ ಇನ್ನು ಹಾಯಾಗಿರೋಣ ಎಂದುಕೊಂಡಿದ್ದವಳ ಕಿವಿಗೆ ಸುದ್ದಿ ಬಿತ್ತು: ಕಣಿವೆಯ ಶಾಲೆಯನ್ನು ಮುಚ್ಚಿ, ಮಕ್ಕಳನ್ನು ಪಟ್ಟಣದ ದೊಡ್ಡ ಶಾಲೆಗೆ ಸೇರಿಸುತ್ತಾರಂತೆ.

ಸುದ್ದಿ ತಂದವಳು ಒಲೀಟಾ ಕ್ರಿಗರ್. ಆ ಶಾಲೆಯ ಅಡುಗೆಯವಳು, ವರ್ಲೀನಳ ನೆರೆಮನೆಯವಳು, ಚರ್ಚಿನಲ್ಲಿ ನಲವತ್ತು ವರ್ಷದಿಂದ ಅವಳ ಪಕ್ಕದಲ್ಲೇ ಕೂರುವವಳು.

"ನೀನೇ ಶಾಲಾ ಮಂಡಳಿಗೆ ನಿಂತ್ಕೊಳೇ. ಐದು ಜನ ಕೂತ್ಕೊಂಡು ಇಡೀ ಕೌಂಟಿ ಶಾಲೆಗಳ್ನ ಆಡಿಸ್ತಾರೆ, ಒಬ್ರಿಗೂ ನಮ್ಮ ಕಣಿವೆ ದಾರಿ ಗೊತ್ತಿಲ್ಲ," ಎಂದಳು ಒಲೀಟಾ.

"ನಂಗೆ ಭಾಷಣ ಮಾಡಕ್ಕೆ ಬರಲ್ಲ ಕಣೇ."

"ಬಸ್ಸಲ್ಲಿ ಮಕ್ಕಳಿಗೆ ಗದರ್ತಿದ್ಯಲ್ಲ, ಹಂಗೇ ಗದರು. ಸಾಕು."

ವರ್ಲೀನ್ ಚುನಾವಣೆಗೆ ನಿಂತಳು. 'ನಮ್ಮ ಶಾಲೆ ಉಳಿಯಲಿ' ಎಂಬ ಫಲಕಗಳನ್ನು ಒಲೀಟಾ ತಾನೇ ಹೊತ್ತು ಕಂಡಕಂಡವರ ಅಂಗಳದಲ್ಲೆಲ್ಲ ನೆಟ್ಟು ಬಂದಳು. ವರ್ಲೀನಳ ಬಸ್ಸಿನಲ್ಲಿ ಓಡಾಡಿ ದೊಡ್ಡವರಾದವರು ಕೌಂಟಿಯ ತುಂಬ ಇದ್ದರು, ಗೆಲುವು ಸುಲಭವಾಯಿತು.

ಕೌಂಟಿಯ ಶಾಲೆಗಳನ್ನೆಲ್ಲ ನೋಡಿಕೊಂಡು ಮಂಡಳಿಯ ಮುಂದೆ ಲೆಕ್ಕ ಒಪ್ಪಿಸುವ ಸೂಪರಿಂಟೆಂಡೆಂಟ್ ಡ್ವೇನ್ ಕೆಸೆಲ್ ಕೂಡ ಅವಳ ಬಸ್ಸಿನ ಹುಡುಗನೇ. ಈಗ ಟೈ ಕಟ್ಟಿಕೊಂಡು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದ. ಒಂದು ಕಾಲಕ್ಕೆ ನೂರ ತೊಂಬತ್ತು ಮಕ್ಕಳಿದ್ದ ಶಾಲೆಯಲ್ಲಿ ಈಗ ಐವತ್ತೆಂಟು. ರಾಜ್ಯ ಸರ್ಕಾರ ಮೇಷ್ಟರನ್ನು ಕೊಡುವುದು ಮಕ್ಕಳ ತಲೆ ಎಣಿಸಿ. ಮೂವರಿಗಿಂತ ಹೆಚ್ಚು ಸಿಗುವುದಿಲ್ಲ ಎಂದ.

"ಕಾಗದದ ಮೇಲೆ ಎಲ್ಲಾ ಚಿಕ್ಕದಾಗೇ ಕಾಣ್ಸುತ್ತೆ ಡ್ವೇನ್. ನಾನೇ ಹೋಗಿ ನೋಡ್ಕೊಂಡ್ ಬರ್ತೀನಿ," ಎಂದಳು ವರ್ಲೀನ್.

ಶಾಲೆಯ ಪರ ವಾದಿಸಲು ನಾಲ್ಕು ಮಾತು ಸಿಕ್ಕಾವೆಂದೇ ಅವಳು ಹೋದದ್ದು. ಮೂರು ದಿನ ಕೊಠಡಿಯ ಹಿಂಬದಿಯಲ್ಲಿ ಕೂತಳು. ಮೂರು, ನಾಲ್ಕು, ಐದನೇ ತರಗತಿಗಳು ಒಂದೇ ಕೋಣೆಯಲ್ಲಿ. ಟೀಚರು ಒಂದು ಸಾಲಿಗೆ ಭಾಗಾಕಾರ ಹೇಳಿಕೊಡುವಾಗ ಉಳಿದೆರಡು ಸಾಲು ಚಿತ್ರಕ್ಕೆ ಬಣ್ಣ ತುಂಬುತ್ತಿದ್ದವು. ಕಿಟಕಿಯ ಬಳಿ ಜೊಯೆಲ್ ಎಂಬ ಹತ್ತು ವರ್ಷದ ಹುಡುಗಿ ಮೂರು ದಿನವೂ ಅದೇ ಪುಸ್ತಕ ಹಿಡಿದು ಕೂತಿದ್ದಳು.

"ಅಷ್ಟು ಚೆನ್ನಾಗಿದೆಯೇನಮ್ಮಾ ಅದು?"

"ಇಲ್ಲ ಅಜ್ಜಿ. ಇಲ್ಲಿರೋದೆಲ್ಲಾ ಓದಿ ಮುಗ್ಸಿದೀನಿ. ಅದಕ್ಕೆ ಮತ್ತೆ ಮೊದಲಿಂದ ಶುರು ಮಾಡಿದೀನಿ."

ಹುಡುಗಿ ದೂರಿನ ದನಿಯಲ್ಲಿ ಹೇಳಲಿಲ್ಲ, ಅದೇ ವರ್ಲೀನಳನ್ನು ಚುಚ್ಚಿತು. ಮಧ್ಯಾಹ್ನ ಒಲೀಟಾ ಬಿಸಿ ಬಿಸಿ ಮೆಕ್ಕೆಜೋಳದ ಕಾರ್ನ್‌ಬ್ರೆಡ್ ಬಡಿಸಿ, "ನೋಡಿದ್ಯಾ, ಎಷ್ಟ್ ಚೆನ್ನಾಗಿದಾವೆ ಮಕ್ಕಳು," ಎಂದಾಗ ಹೂಂ ಎಂದಳು.

ಆದರೂ ಅವಳ ಕೈಯಲ್ಲಿ ಒಂದು ವಾದ ಉಳಿದಿತ್ತು. ಪಟ್ಟಣದ ಶಾಲೆಗೆ ಬಸ್ಸಿನಲ್ಲಿ ನಲವತ್ತು ನಿಮಿಷ ಎಂದು ಡ್ವೇನನ ಕಂಪ್ಯೂಟರು ಹೇಳಿತ್ತು. ವರ್ಲೀನ್ ಅವನನ್ನೂ ಮಂಡಳಿಯ ಅಧ್ಯಕ್ಷನನ್ನೂ ತನ್ನ ಹಳೆಯ ಟ್ರಕ್ಕಿನಲ್ಲಿ ಒತ್ತಿ ಕೂರಿಸಿಕೊಂಡು ಬೆಳಿಗ್ಗೆ ಆ ದಾರಿಯಲ್ಲಿ ಹೊರಟಳು. ಪ್ರತಿ ಗೇಟಿನಲ್ಲೂ ನಿಲ್ಲಿಸಿ, ಮಗು ಹತ್ತಿ ಕೂರಲು ಬೇಕಾದಷ್ಟು ಹೊತ್ತು ಬಾಗಿಲು ತೆರೆದು ಮುಚ್ಚಿದಳು. ಪಟ್ಟಣ ಮುಟ್ಟಿದಾಗ ಎಪ್ಪತ್ತೆಂಟು ನಿಮಿಷವಾಗಿತ್ತು.

"ನಿನ್ನ ಕಂಪ್ಯೂಟರು ಯಾವತ್ತಾದ್ರೂ ಹಳ್ಳ ದಾಟಿದೆಯೇನೋ?"

ಡ್ವೇನ್ ಕೈಗಡಿಯಾರ ನೋಡಿಕೊಂಡ. "ಒಂದೇ ಬಸ್ಸಾದ್ರೆ ನೀವು ಹೇಳಿದ್ದೇ ಸರಿ. ಗುಡ್ಡದ ಆ ಕಡೆಗೊಂದು ಈ ಕಡೆಗೊಂದು, ಎರಡು ಬಸ್ಸು ಹಾಕಿದ್ರೆ? ಆಗ ನಲವತ್ತೈದಕ್ಕೆ ಇಳಿಯುತ್ತೆ. ಕೊಡಿಸ್ತೀನಿ."

ವರ್ಲೀನಳಿಗೆ ಉಳಿದಿದ್ದ ವಾದವೂ ಕೈಜಾರಿತು. ಈಗ ಮಿಕ್ಕಿದ್ದು ತಾನು ಕೊಟ್ಟ ಮಾತು ಒಂದೇ.

ಬಹಿರಂಗ ಸಭೆ ನಡೆದದ್ದು ಕಣಿವೆ ಶಾಲೆಯ ಆಟದ ಸಭಾಂಗಣದಲ್ಲೇ. ಹೆಸರು ಬರೆಸಿದವರಿಗೆ ತಲಾ ಮೂರು ನಿಮಿಷ. ಒಲೀಟಾ ಏಪ್ರನ್ ತೆಗೆಯದೆಯೇ ಮೈಕಿನ ಮುಂದೆ ನಿಂತು, "ಈ ಗೋಡೆ ಕಟ್ಟೋವಾಗ ನಮ್ಮಪ್ಪ ಕಲ್ಲು ಹೊತ್ತಿದ್ರು. ನಮ್ಮವಳು ಒಬ್ಳು ಅಲ್ಲಿ ಕೂತಿದಾಳೆ, ನಂಗೇನೂ ಭಯ ಇಲ್ಲ," ಎಂದಳು. ಜನ ಚಪ್ಪಾಳೆ ತಟ್ಟಿದರು.

ಮತಕ್ಕೆ ಹಾಕಿದಾಗ ಇಬ್ಬರು ಮುಚ್ಚಬೇಕು ಎಂದರು, ಇಬ್ಬರು ಬೇಡ ಎಂದರು. ಕೊನೆಯವಳು ವರ್ಲೀನ್.

"ಶಾಲೆ ಉಳಿಸ್ತೀನಿ ಅಂತ ಮಾತು ಕೊಟ್ಟು ಈ ಕುರ್ಚಿಗೆ ಬಂದೆ. ಆ ಮಾತು ತಪ್ತಾ ಇದೀನಿ, ಬೇರೆ ಯಾರ ತಲೆಗೂ ಕಟ್ಟಲ್ಲ. ಎರಡು ಬಸ್ಸು ಬಿಡ್ಬೇಕು ಅಂತ ನಿರ್ಣಯದಲ್ಲೇ ಬರೀರಿ. ಬರೆದ್ರೆ, ಮುಚ್ಚೋದಕ್ಕೆ ನನ್ನ ಒಪ್ಪಿಗೆ ಇದೆ."

ಎರಡು ಬಸ್ಸಿನ ಷರತ್ತು ಸೇರಿಸಿ ನಿರ್ಣಯ ಪಾಸಾಯಿತು. ಕುರ್ಚಿಗಳು ಸರಿದ ಸದ್ದು, ಬೈಗುಳ. ಒಲೀಟಾ ಬೈಯಲಿಲ್ಲ. ವರ್ಲೀನಳನ್ನು ಒಮ್ಮೆ ನೋಡಿ ಹೊರನಡೆದಳು. ಮುಂದಿನ ಭಾನುವಾರ ಚರ್ಚಿನಲ್ಲಿ ಬೇರೆ ಬೆಂಚಿನಲ್ಲಿ ಕೂತಳು.

ಆ ಮೌನ ಮೂರು ವರ್ಷ ನಡೆಯಿತು. ಒಲೀಟಾಳಿಗೆ ಪಟ್ಟಣದ ಶಾಲೆಯ ಅಡುಗೆಮನೆಯಲ್ಲೇ ಕೆಲಸ ಸಿಕ್ಕಿತು. ಮುಂದಿನ ಚುನಾವಣೆಯಲ್ಲಿ ಕಣಿವೆಯಿಂದ ವರ್ಲೀನಳಿಗೆ ಬಿದ್ದದ್ದು ಹನ್ನೊಂದು ಮತ, ಅದರಲ್ಲಿ ಒಂದು ಅವಳದೇ. ಸೋಲು ಅವಳನ್ನು ಅಷ್ಟು ಕಾಡಲಿಲ್ಲ. ಖಾಲಿ ಶಾಲೆಯ ಮುಂದೆ ಹಾದುಹೋಗುವಾಗ ಮಾತ್ರ ತಾನು ಮಾಡಿದ್ದು ಸರಿಯೇ ಎಂದು ಕೇಳಿಕೊಳ್ಳುತ್ತಿದ್ದಳು. ಉತ್ತರ ಒಂದು ದಿನ ಒಂದು ಥರ, ಇನ್ನೊಂದು ದಿನ ಇನ್ನೊಂದು ಥರ.

ಸೋತ ಮರುವರ್ಷ ಮೇ ತಿಂಗಳಲ್ಲಿ, ಚಾಲಕರು ಸಿಗುತ್ತಿಲ್ಲವೆಂದು ಹೊಸ ಮಂಡಳಿ ಎರಡನೆಯ ಬಸ್ಸು ನಿಲ್ಲಿಸಲು ಹೊರಟಿತು. ವರ್ಲೀನ್ ಸಂಜೆಯ ಸಭೆಗೆ ಹೋಗಿ ಸಾರ್ವಜನಿಕರ ಸಾಲಿನಲ್ಲಿ ಕೂತಳು. ಕರೆದಾಗ ಎದ್ದು ಹಳೆಯ ನಿರ್ಣಯ ಓದಿದಳು. ಚಾಲಕರು ಸಿಗುವವರೆಗೆ ತಾನೇ ಓಡಿಸುತ್ತೇನೆ ಎಂದಳು. ಮೂರು ನಿಮಿಷ ಮುಗಿದ ಗಂಟೆ ಹೊಡೆಯಿತು. ಮುಂದಿನ ಹೆಸರು ಒಲೀಟಾ ಕ್ರಿಗರ್.

"ಇವಳ ಮೇಲೆ ನನ್ನ ಸಿಟ್ಟು ಇನ್ನೂ ಇಳ್ದಿಲ್ಲ," ಎಂದು ಒಲೀಟಾ ಶುರುಮಾಡಿದಳು. ಯಾರೋ ನಕ್ಕರು. "ಆದ್ರೆ ದಿನಾ ಬೆಳಿಗ್ಗೆ ನಮ್ಮ ಮಕ್ಕಳಿಗೆ ತಿಂಡಿ ಕೊಡೋಳು ನಾನು. ಒಂದು ಬಸ್ಸು ಕೆಟ್ಟ ದಿನ ಎಲ್ರನ್ನೂ ಇನ್ನೊಂದರಲ್ಲೇ ತರ್ತಾರೆ. ಅವತ್ತು ತಿಂಡಿ ಟೈಮ್ ಮುಗ್ದಿರುತ್ತೆ, ಖಾಲಿ ಹೊಟ್ಟೇಲಿ ಕ್ಲಾಸಿಗೆ ಹೋಗ್ತಾವೆ. ದಿನಾ ಹಂಗೇ ಆಗ್ಲಿ ಅಂತೀರಾ?"

ಎರಡನೆಯ ಬಸ್ಸು ಉಳಿಯಿತು.

ಹೊರಗೆ ಕಾರಿನ ಬಳಿ ಒಲೀಟಾ ತಿರುಗಿ ನಿಂತಳು. "ನಾನು ಮಾತಾಡಿದ್ದು ಮಕ್ಕಳಿಗೋಸ್ಕರ. ನೀನು ಶಾಲೆ ಮುಚ್ಚಿಸಿದ್ದು ತಪ್ಪೇ."

"ಇದ್ರೂ ಇರ್ಬೋದು ಕಣೇ. ನಂಗೂ ಎಷ್ಟೋ ದಿನ ಹಂಗೇ ಅನ್ಸುತ್ತೆ."

ಒಲೀಟಾ ಈ ಉತ್ತರ ನಿರೀಕ್ಷಿಸಿರಲಿಲ್ಲ. ಕಾರಿನ ಬಾಗಿಲು ತೆಗೆದು ಕೂತು ಹೊರಟುಹೋದಳು.

ಆ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅವಳು ಒಂದು ಬುಟ್ಟಿ ಬೀನ್ಸ್ ಹಿಡಿದು ವರ್ಲೀನಳ ಜಗಲಿಗೆ ಬಂದು ನಾರು ಬಿಡಿಸಲು ಕೂತಳು. ಆಮೇಲೆ ಆಗಾಗ ಬರತೊಡಗಿದಳು. ಶಾಲೆಯ ಮಾತೆತ್ತಿದರೆ ಇಬ್ಬರಿಗೂ ಈಗಲೂ ಜಗಳವೇ.