ದಿಣ್ಣೆ ಇಂಜಿನಿಯರು

ಬೆಳಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ದಿಣ್ಣೆ ಇಂಜಿನಿಯರು ಅಡುಗೆಮನೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಓರೆಯಾಗಿ ನಿಲ್ಲಿಸಿದ ಹಲಗೆಯ ಮೇಲಿನಿಂದ ಆಲೂಗಡ್ಡೆ ಉರುಳಿಸುತ್ತಿದ್ದರು; ಕೆಳಗೆ ಅವನ್ನು ತಡೆಯಲು ಹಿಟ್ಟಿನ ದಿಣ್ಣೆ ಇತ್ತು. ಬೆಟ್ಟದಿಂದ ಉರುಳುವ ಬಂಡೆಗಳು ಊರಿಗೆ ನುಗ್ಗದಂತೆ ಮಣ್ಣಿನ ದಿಣ್ಣೆಗಳ ನಕ್ಷೆ ಮಾಡುವುದು ಅವರ ಕೆಲಸ. ಅದು ಕಚೇರಿಯ ಬಾಗಿಲು ಮುಚ್ಚಿದರೂ ಮುಗಿಯುವುದಿಲ್ಲ. "ರೀ, ಅದು ತಿನ್ನೋ ಹಿಟ್ಟು," ಎಂದು ಹೆಂಡತಿ ಗದರಿದರು. "ಗೋಡೆಯಾದ್ರೆ ಬಂಡೆ ಹೊಡೆತಕ್ಕೆ ಒಡೆಯುತ್ತೆ ಕಣೇ, ಮಣ್ಣಾದ್ರೆ ನುಂಗ್ಕೊಳ್ಳುತ್ತೆ." "ನಾನೂ ಮದುವೆಯಾದಾಗಿಂದ ನುಂಗ್ಕೊಂಡೇ ಇದೀನಿ," ಎಂದು ಆಕೆ ಆಲೂಗಡ್ಡೆ ಎತ್ತಿಕೊಂಡು ಹೋದರು. ಇಳಿಜಾರು ಕಂಡರೆ ಸಾಕು, ಇಂಜಿನಿಯರ ಕೈ ಜೇಬಿನ ಟೇಪಿಗೆ ಹೋಗುತ್ತದೆ. ದಪ್ಪನೆಯ ಅಳಿಯಂದಿರು ಮಹಡಿಯಿಂದ ಇಳಿಯುವಾಗ ಮೆಟ್ಟಿಲ ಬುಡದಲ್ಲಿ ಹಾಸಿಗೆಗಳನ್ನು ಅಡ್ಡ ಒಟ್ಟಿ, "ನಿಧಾನಕ್ಕೆ ಬನ್ನಿ, ನಿಮ್ಮ ತೂಕಕ್ಕೆ ಎರಡು ಹಾಸಿಗೆ ಸಾಲಲ್ಲ," ಎಂದು ಮರ್ಯಾದೆಯಿಂದಲೇ ಹೇಳುತ್ತಾರೆ. ಹೊಸ ದಿಣ್ಣೆ ಮುಗಿದ ದಿನ ಅದರ ಹಿಂದೆ ಕುರ್ಚಿ ಹಾಕಿಕೊಂಡು, ಬೆಟ್ಟಕ್ಕೆ ಬೆನ್ನು ಮಾಡಿ ಪೇಪರ್ ಓದುತ್ತಾರೆ. ಅವರು ಬರೆದ ಎತ್ತರದಲ್ಲಿ ಈಗ ಯಾರೂ ಒಂದು ಗೇಣನ್ನೂ ಕಡಿಮೆ ಮಾಡಿಸುವುದಿಲ್ಲ. ಹಿಂದೊಮ್ಮೆ ಶಾಲೆಯೊಂದರ ಹಿಂದಿನ ದಿಣ್ಣೆಯನ್ನು ಒಂದು ಮೀಟರು ತಗ್ಗಿಸಲು ಹೊರಟ ಮೇಲಧಿಕಾರಿ, ತುಂಬಿದ ಸಭೆಯಲ್ಲಿ ನಗುತ್ತ ಕೇಳಿದ್ದರು: "ಇಷ್ಟೆತ್ತರ ಯಾಕ್ರೀ? ನಿಮ್ಮ ದಿಣ್ಣೆ ಹಾರಿ ಇವತ್ತಿನವರೆಗೆ ಎಷ್ಟು ಕಲ್ಲು ಊರೊಳಗೆ ಬಿದ್ದಿವೆ, ಹೇಳಿ ನೋಡೋಣ." ಎಲ್ಲರೂ ಸೊನ್ನೆ ಎಂಬ ಉತ್ತರಕ್ಕೇ ಕಾದಿದ್ದರು. ಇಂಜಿನಿಯರು ಎದ್ದು ನಿಂತು, ಕನ್ನಡಕ ತೆಗೆದು, ಹೇಳಿದರು: "ಒಂದು. ಅದಕ್ಕೇ ಇಷ್ಟೆತ್ತರ."