ಚೆನ್ನಾಗಿದ್ದ ಮೂಗಿಗೆ ಸಾಕ್ಷಿ

ಈಚೆಗೆ ಕೆಲವು ತಿಂಗಳು ನಾನು ಇನ್ನೊಬ್ಬನ ಮೂಗಿನ ಗುಂಗಿನಲ್ಲಿ ಊಟದ ರುಚಿ ಮರೆಯುವಷ್ಟು ಮುಳುಗಿದ್ದೆ ಎಂದರೆ ನೀವು ನಗಬಹುದು. ನನ್ನ ಹೆಂಡತಿಯಂತೂ ನಕ್ಕೇಬಿಟ್ಟಳು. "ನಿಮಗ ನೆಗಡಿ ಬಂದ್ರ ಒಂದ್ ಕಪ್ ಕಷಾಯ ಕುಡೀಲಿಕ್ಕೂ ಬ್ಯಾಸರ. ಇಸ್ಮಾಯಿಲಣ್ಣನ ಮೂಗಿಗಿ ಚಿತ್ತಾಪುರ ತನಕ ಓಡ್ಲಿಕತ್ತೀರಿ!"

ಇಸ್ಮಾಯಿಲ ನನ್ನ ಬಾಲ್ಯದ ಗೆಳೆಯ. ಇಬ್ಬರೂ ರಾವೂರದಲ್ಲಿ ಬೆಳೆದವರು. ನಾನು ವಿಶ್ವವಿದ್ಯಾಲಯ ಮುಗಿಸಿ ಶಹಾಬಾದಿನ ಕಾಲೇಜಿನಲ್ಲಿ ಮಾಸ್ತರನಾದೆ. ಅವನು ಫೌಜಿಗೆ ಸೇರಿ, ಗಡಿಯ ಹಿಮದಲ್ಲಿ ವರ್ಷಗಟ್ಟಲೆ ಕಾವಲು ನಿಂತು, ಹವಾಲ್ದಾರನಾಗಿ ಮರಳಿದ. ಮರಳುವಾಗ ಸೈನಸ್ಸನ್ನೂ ತಂದ. ಮಿಲಿಟರಿ ಆಸ್ಪತ್ರೆಯಲ್ಲಿ ಆಪರೇಶನ್ ಆದರೂ ಅದು ಅವನನ್ನು ಬಿಡಲಿಲ್ಲ. ಬೂಟಿನ ಲೇಸು ಕಟ್ಟಲು ಬಗ್ಗಿದರೆ ಸಾಕು, ಹಣೆಯೊಳಗೆ ಯಾರೋ ಉಳಿ ಇಟ್ಟು ನೆಲಕ್ಕೆ ಹಾಸುವ ಫರ್ಸಿ ಕಲ್ಲು ಸೀಳಿದಂತಾಗುತ್ತದಂತೆ.

ಸೇವೆಯಿಂದ ರೋಗ ಬಂದರೆ ಸೈನಿಕನಿಗೆ ಅಂಗವೈಕಲ್ಯ ಪಿಂಚಣಿ ಸಿಗುತ್ತದೆ. ಇವನು ಕೇಳಿದ. ಈ ರೋಗಕ್ಕೂ ಸೇವೆಗೂ ಸಂಬಂಧವಿಲ್ಲ, ಇದು ಅರ್ಜಿದಾರರ ಮೈಗುಣ ಎಂದು ಉತ್ತರ ಬಂತು. ಅಂದು ಇಸ್ಮಾಯಿಲ ನಮ್ಮ ಕಟ್ಟೆಯ ಮೇಲೆ ಬಂದು ಕೂತಾಗಿನ ಮುಖವನ್ನು ನಾನು ಮರೆಯಲಾರೆ.

"ರೊಕ್ಕ ಹೋಗ್ಲಿ ಶರಣ್ಯಾ. ನಾ ಬ್ಯಾನಿ ಮುಚ್ಚಿಟ್ಟು ಫೌಜಿಗಿ ಸೇರಿದಂವ ಅಂದಂಗಾಯ್ತಲೋ. ಹತ್ತು ಮಂದ್ಯಾಗ ಹೆಂಗ್ ಮಾರಿ ತೋರಿಸ್ಲಿ?"

ಮೇಲ್ಮನವಿ ಹಾಕೋಣ ಎಂದರು ಚಿತ್ತಾಪುರದ ವಕೀಲರು. ಭರ್ತಿಯ ದಿನದ ತಪಾಸಣೆಯಲ್ಲಿ ಮೂಗಿನ ದೋಷ ಕಂಡಿಲ್ಲ. ಅದರ ಜೊತೆಗೆ, ಸಣ್ಣವನಿದ್ದಾಗ ಇವನ ಮೂಗು ಚೆನ್ನಾಗಿತ್ತು ಎಂದು ಬಲ್ಲವರು ಪ್ರಮಾಣ ಮಾಡಿ ಬರೆದುಕೊಟ್ಟರೆ ಕೇಸಿಗೆ ಬಲ ಬರುತ್ತದೆ ಎಂದರು.

ಮಜಾ ಶುರುವಾದದ್ದೇ ಇಲ್ಲಿಂದ. ನಮ್ಮ ಕಡೆಯ ಮಂದಿಗೆ ಸಾಕ್ಷಿಯಲ್ಲಿ ಕೈಹಿಡಿತ ಗೊತ್ತಿಲ್ಲ. ನಮ್ಮವನಿಗೆ ಒಳ್ಳೆಯದಾಗುತ್ತದೆ ಎಂದರೆ ಬೊಗಸೆ ತುಂಬಿ ಕೊಡುತ್ತಾರೆ. ರಾವೂರದ ಚಹಾ ಅಂಗಡಿಯವನು, "ಸಾಲಿಯೊಳಗೂ ಇವನ ಮೂಗು ಹರೀತಿತ್ತು, ಬರಕೊಳ್ರಿ" ಅಂದ. ಇಸ್ಮಾಯಿಲನ ಮಾವನವರು ಚಿಮ್ಮನಚೋಡದಿಂದ ಬಸ್ಸು ಹಿಡಿದು ಬಂದು, ಅಳಿಯ ಹುಟ್ಟಾ ರೋಗಿ ಎಂದು ಎಲ್ಲಿ ಬೇಕಾದರೂ ಹೇಳಲು ತಯಾರಾಗಿ ನಿಂತರು. ಅವರು ಇವನನ್ನು ಮೊದಲು ಕಂಡದ್ದೇ ನಿಕಾಹದ ಮಾತುಕತೆಯಲ್ಲಿ! ಎಲ್ಲರಿಗಿಂತ ದೊಡ್ಡ ಅಪಾಯ ಖಾಲಾ. ತಾಯಿ ತೀರಿಕೊಂಡ ಮೇಲೆ ಇಸ್ಮಾಯಿಲನನ್ನು ಸಾಕಿದ ಚಿಕ್ಕಮ್ಮ.

"ತೊಟ್ಟಿಲದಾಗಿಂದ ತ್ರಾಸ ಅದ ಬೇಟಾ. ಗೊರ್ ಗೊರ್ ಅಂತಿತ್ತು ಮೂಗು. ಬರಿ, ಬರಿ."

"ಖಾಲಾ, ಹಂಗಂದ್ರ ಕೇಸು ಮುಳುಗ್ತದ."

"ಯಾಕ್ ಮುಳುಗ್ತದ? ಭಾಳ ದಿನದ ತ್ರಾಸಿಗಿ ಸರಕಾರದವ್ರು ಭಾಳ ಕೊಡ್ಬೇಕಿಲ್ಲೇನ್?"

ಬರೆದುಕೊಳ್ಳಲು ನನ್ನ ಜೊತೆ ಬಂದಿದ್ದ ವಕೀಲರು ಈ ಲೆಕ್ಕಾಚಾರ ಕೇಳಿ ಪೆನ್ನು ಜೇಬಿಗಿಟ್ಟರು.

ಉಳಿದವನು ನಾನು. ನನ್ನ ಪಾಡು ಇನ್ನೂ ಕಷ್ಟ. ನೀವೇ ಯೋಚಿಸಿ, ಬಾಲ್ಯದ ಗೆಳೆಯನ ಮೂಗು ಸರಿಯಾಗಿ ಉಸಿರಾಡುತ್ತಿದ್ದದ್ದು ನಿಮಗೆ ನೆನಪಿದೆಯೇ? ಕೆಟ್ಟ ಮೂಗು ನೆನಪಿರುತ್ತದೆ, ಮುರಿದ ಮೂಗು ನೆನಪಿರುತ್ತದೆ. ಚೆನ್ನಾಗಿದ್ದ ಮೂಗನ್ನು ನೆನಪಿಟ್ಟುಕೊಳ್ಳುವಷ್ಟು ಪುರುಸೊತ್ತು ಯಾರಿಗಿದೆ? ನಮ್ಮ ಪ್ರಾಚೀನ ತಾರ್ಕಿಕರು ಬರಿಯ ನೆಲ ತೋರಿಸಿ, ಇಲ್ಲಿ ಮಡಕೆ ಇಲ್ಲ ಎಂಬುದು ನಿನಗೆ ಹೇಗೆ ತಿಳಿಯಿತು ಎಂದು ಪುಟಗಟ್ಟಲೆ ಜಗಳಾಡಿದ್ದಾರೆ. ಓದುವಾಗ ಇದೆಂಥ ಕೆಲಸವಿಲ್ಲದ ಕೆಲಸ ಅಂದುಕೊಂಡಿದ್ದೆ. ಈಗ ನೋಡಿದರೆ ಇಸ್ಮಾಯಿಲನ ಮಾನವೇ ಆ ಇಲ್ಲದ ಮಡಕೆಯ ಮೇಲೆ ನಿಂತಿದೆ. ಅದೇ ತಾರ್ಕಿಕರು ನೆನಪನ್ನು ನಂಬತಕ್ಕ ಅರಿವುಗಳ ಸಾಲಿಗೇ ಸೇರಿಸಲಿಲ್ಲ. ದಿನಚರಿ ಬರೆಯುವವನಾದ ನನಗೆ ಅವರ ಸಂಕಟ ಗೊತ್ತು. ನಿನ್ನೆ ಆದದ್ದನ್ನು ಇಂದು ಬರೆಯುವಷ್ಟರಲ್ಲೇ ನಾನು ಅದರಲ್ಲಿ ಒಂದಿಷ್ಟು ಜಾಣನಾಗಿರುತ್ತೇನೆ.

ನೆನಪೊಂದು ಇತ್ತು. ಫರ್ಸಿ ತೆಗೆದು ಬಿಟ್ಟ ಹಳೆಯ ಖಣಿಯಲ್ಲಿ ನೀರು ನಿಂತು ಹಸಿರು ಕೊಳವಾಗಿತ್ತು. ಇಸ್ಮಾಯಿಲ ದಂಡೆಯಿಂದ ತಲೆಕೆಳಗಾಗಿ ಧುಮುಕಿ, ಬುಡದ ಕಲ್ಲಿನ ಚೂರು ಹಿಡಿದು ಮೇಲೇಳುತ್ತಿದ್ದ. ಕಟ್ಟಿದ ಮೂಗಿನವನು ಅಷ್ಟು ಆಳಕ್ಕೆ ಇಳಿದರೆ ಹಣೆ ಸಿಡಿಯುತ್ತದೆ ಎಂದು ಡಾಕ್ಟರರೊಬ್ಬರು ಹೇಳಿದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಸಿಕ್ಕಿತು ಸಾಕ್ಷಿ! ಆದರೆ ಮನೆ ಮುಟ್ಟುವಷ್ಟರಲ್ಲಿ ಅನುಮಾನ ಹತ್ತಿತು. ಈ ಕಥೆಯನ್ನು ಕ್ಲಾಸಿನಲ್ಲಿ ಹುಡುಗರಿಗೆ ಎಷ್ಟು ಸಲ ಹೇಳಿಲ್ಲ! ಹೇಳಿ ಹೇಳಿ ಅದು ಪಾಲಿಶ್ ಹೊಡೆದ ಫರ್ಸಿಯಾಗಿದೆ. ಕೆಲವು ಸಲ ಅದರಲ್ಲಿ ನಾನೂ ಧುಮುಕಿದ್ದೇನೆ. ಹಾಗಾದರೆ ಧುಮುಕಿದವನು ನಿಜವಾಗಿ ಯಾರು?

ಮತ್ತೆ ಖಾಲಾನ ಹತ್ತಿರ ಹೋದೆ. ಈ ಸಲ ಮೂಗಿನ ಸುದ್ದಿಯನ್ನೇ ತೆಗೆಯಲಿಲ್ಲ, ಖಣಿಯ ಸುದ್ದಿಯನ್ನೂ ತೆಗೆಯಲಿಲ್ಲ.

"ಖಾಲಾ, ಬ್ಯಾಸಗಿ ಸೂಟಿಯೊಳಗ ಇಸ್ಮಾಯಿಲ ಏನ್ ಮಾಡ್ತಿದ್ದ?"

"ಏನ್ ಮಾಡ್ತಿದ್ದ? ನನ್ನ ಜೀವ ತಿಂತಿದ್ದ! ಆ ಖಣಿ ನೀರಾಗ ಬಿದ್ದನಂದ್ರ ಸಂಜಿತನಕ ಮನಿ ನೆನಪಿಲ್ಲ. ನಾ ಬಡಿಗಿ ಹಿಡ್ಕೊಂಡು ಈ ದಂಡಿಗಿ ನಿಂತ್ರ, ಬಾಡ್ಯಾ, ಮುಳುಗಿ ಆ ದಂಡಿಗಿ ಏಳ್ತಿದ್ದ. ನಾ ಇಲ್ಲಿ ಯಾ ಅಲ್ಲಾ, ಯಾ ಅಲ್ಲಾ ಅಂತ ಎದಿ ಹಿಡ್ಕೊಂಡು ನಿಂದರ್ತಿದ್ದೆ."

"ನಾ ಎಲ್ಲಿರ್ತಿದ್ದೆ?"

"ನೀ? ನೀ ದಂಡಿಗಿ ಕುಂತು ಅವನ ಅಂಗಿ ಕಾಯ್ತಿದ್ದಿ. ನೀರಂದ್ರ ಅಂಜಿ ಸಾಯ್ತಿದ್ದಿ."

ಕ್ಲಾಸಿನ ಹುಡುಗರು ಇದನ್ನು ಕೇಳಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡು, "ನೀರಿಂದ ಎದ್ದಮ್ಯಾಲ ತಲಿ ಬ್ಯಾನಿ, ಮೂಗು ಕಟ್ಟೂದು ಏನರ ಇತ್ತೇನ್ ಅವಗ?" ಎಂದೆ.

"ತಲಿ ಬ್ಯಾನಿ ನನಗಿತ್ತು! ಅವಗೇನಾಗಿತ್ತು ಧಾಡಿ? ಗೂಳಿ ಇದ್ದಂಗಿದ್ದ!"

"ಮತ್ತ ತೊಟ್ಟಿಲದಾಗ ಗೊರ್ ಅಂತಿತ್ತಂದ್ರಿ?"

"ಯಾವ ಕೂಸಿನ ಮೂಗು ಗೊರ್ ಅನ್ನಲ್ಲ ಹೇಳು?"

ನಾನು ಕುಣಿಯುವುದೊಂದು ಬಾಕಿ. "ಖಾಲಾ, ಇದನ್ನೇ ಹೇಳ್ರಿ! ಇದಿಷ್ಟೇ ಹೇಳ್ರಿ!"

ಖಾಲಾ ನನ್ನನ್ನು ಕನಿಕರದಿಂದ ನೋಡಿದಳು. "ಭಾಳ ಓದಿ ತಲಿ ಕೆಟ್ಟದ ನಿಂದು. ಹುಡುಗಾಟ ಮಾಡಿದ್ದಕ್ಕ ಪೆನ್ಶನ್ ಕೊಡ್ತಾರೇನ್ ಯಾರರ?"

ಕೊನೆಗೂ ಖಾಲಾ ಅಷ್ಟನ್ನೇ ಹೇಳಿ ಹೆಬ್ಬೆಟ್ಟು ಒತ್ತಿದಳು. ನಾನೂ ಬರೆದುಕೊಟ್ಟೆ, ಅಂಗಿ ಕಾಯುತ್ತ ದಂಡೆಯಲ್ಲಿ ಕೂತಿದ್ದೆ ಎಂಬುದನ್ನೂ ಬಿಡದೆ. "ಸರ್, ಸಾಲಿಗೊಂದು 'ನನಗೆ ನೆನಪಿರುವ ಮಟ್ಟಿಗೆ' ಯಾಕ್ ಹಾಕೀರಿ? ಜರಾ ಗಟ್ಟಿ ಬರೀರಿ" ಎಂದು ವಕೀಲರು ಒಂದೊಂದಾಗಿ ಹೊಡೆದುಹಾಕುತ್ತ ಹೋದರು. ಜಗಳ ಮಾಡಿ ಒಂದನ್ನು ಉಳಿಸಿಕೊಂಡೆ. ಇಲ್ಲದಿದ್ದರೆ ನಿದ್ದೆ ಬರುತ್ತಿರಲಿಲ್ಲ.

ಇಸ್ಮಾಯಿಲನನ್ನು ಮತ್ತೊಮ್ಮೆ ವೈದ್ಯಕೀಯ ಮಂಡಳಿಯ ಮುಂದೆ ಕರೆದರು. ಆಮೇಲೆ ಕಾಯುವುದು. ವಾಡಿಯಲ್ಲಿ ರೈಲು ಬದಲಿಸುವಾಗಲೂ ನಾನು ಫೋನು ನೋಡುತ್ತಿದ್ದೆ. ಒಂದು ಬೆಳಿಗ್ಗೆ ಅವನೇ ನಮ್ಮ ಮನೆಗೆ ಬಂದು, ಬೈಕು ನಿಲ್ಲಿಸುವ ಮೊದಲೇ, ಆ ಕಟ್ಟಿದ ದನಿಯಲ್ಲಿ, ಇಡೀ ಓಣಿಗೆ ಕೇಳುವಂತೆ ಕೂಗಿದ: "ಶರಣ್ಯಾ, ಒಪ್ಪಿದ್ರಲೇ! ಗಡಿಯಾಗ ಬಂದಿದ್ದಂತ ಒಪ್ಪಿದ್ರು!"

ಓಣಿಯವರೆಲ್ಲ ಸೇರಿದರು. ಒಬ್ಬ ಮನುಷ್ಯ ರೋಗಿಷ್ಟನೆಂದು ಸಾಬೀತಾದದ್ದಕ್ಕೆ ಇಷ್ಟು ಜನ ಮುಬಾರಕ್ ಹೇಳಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ಮಧ್ಯಾಹ್ನ ಖಾಲಾ ಮಾಲ್ದಿ ಮಾಡಿದಳು. ಚಪಾತಿ ಪುಡಿ ಮಾಡಿ, ಬೆಲ್ಲ ತುಪ್ಪ ಬೆರೆಸಿ ಮಾಡುವ ನಮ್ಮ ಕಡೆಯ ಸಿಹಿ. ತಟ್ಟೆ ಕೊಡುವಾಗ ನನ್ನ ಕಿವಿಯಲ್ಲಿ, "ಗಡಿಬಿಡಿಯಾಗ ಯಾಲಕ್ಕಿ ಹಾಕೂದು ಮರ್ತೆ, ಅವಗ ಹೇಳಬ್ಯಾಡ" ಅಂದಳು. ಇಸ್ಮಾಯಿಲನಿಗೆ ಎಷ್ಟೋ ವರ್ಷಗಳಿಂದ ಯಾವ ವಾಸನೆಯೂ ಹತ್ತುವುದಿಲ್ಲ. ಅವನು ತಟ್ಟೆಯನ್ನು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿದ. ಮುಖವೆಲ್ಲ ಅರಳಿತು.

"ಖಾಲಾನ ಕೈಯಾಗಿನ ಯಾಲಕ್ಕಿ ಅಂದ್ರ ಯಾಲಕ್ಕಿ. ಹೆಂಗ ಘಮ್ ಅನ್ಲಿಕತ್ತದ ನೋಡು! ಹೌದಿಲ್ಲೋ?"

ಒಂದೇ ಒಂದು "ನೆನಪಿರುವ ಮಟ್ಟಿಗೆ"ಗಾಗಿ ವಕೀಲರೊಡನೆ ಜಗಳಾಡಿದ ನಾನು ಮಾಲ್ದಿಯನ್ನು ಮೂಸಿದೆ.

"ಹೌದಪ್ಪಾ," ಎಂದೆ, "ಓಣಿ ತುಂಬ ಘಮ್ ಅನ್ಲಿಕತ್ತದ."