ಮಣೆಯ ದಿಕ್ಕು

ರಬಕವಿಯ ಅತ್ತೆಯ ಮನೆಯಲ್ಲಿ ಎರಡು ವರ್ಷ ನಾನು ಲಿಂಗಪೂಜೆಗೆ ಕುಳಿತದ್ದು ಒಲೆಯ ಕಡೆ ಮುಖ ಮಾಡಿ. ಉಳಿದವರೆಲ್ಲ ಮೂಡಣಕ್ಕೆ ಮುಖ ಮಾಡಿ ಕುಳಿತರೆ ನಾನೊಬ್ಬಳು ಮಣೆಯನ್ನು ಓರೆ ಮಾಡಿಕೊಂಡು ಅಡುಗೆಮನೆ ನೋಡುತ್ತಿದ್ದೆ. ಪೂಜೆಯಲ್ಲೂ ಸೊಸೆಗೆ ಹಾಲು ಉಕ್ಕೀತೆಂಬ ಚಿಂತೆ ಎಂದು ಅತ್ತೆ ಓಣಿಯವರ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ನನಗೆ ಹಾಲಿನ ಚಿಂತೆ ಎಳ್ಳಷ್ಟೂ ಇರಲಿಲ್ಲ. ಆ ಒಲೆ, ಅದರ ಹಿಂದಿನ ಗೋಡೆ, ಗೋಡೆಯಾಚೆಯ ಓಣಿ, ಓಣಿಯಾಚೆಯ ಬಂಡಿದಾರಿ ಎಲ್ಲ ದಾಟಿ ನೆಟ್ಟಗೆ ಹೋದರೆ ಮುಧೋಳ. ಮುಧೋಳದಲ್ಲಿ ನನ್ನ ತವರುಮನೆ.

ಸಂಸ್ಥಾನಗಳ ಕಾಲ ಅದು. ಮುಧೋಳಕ್ಕೊಬ್ಬ ರಾಜ, ರಬಕವಿಗೆ ಇನ್ನೊಬ್ಬ. ನಡುವೆ ಬಂಡಿಯಲ್ಲಿ ಒಂದು ಹಗಲಿನ ದಾರಿ, ಅಷ್ಟೆ. ನನಗೆ ಮಾತ್ರ ಸಮುದ್ರ ದಾಟಿ ಬಂದಂತಾಗಿತ್ತು. ನಮ್ಮಪ್ಪನ ಕಡೆಯವರು ಅಜ್ಜನ ಕಾಲಕ್ಕೇ ಮಗ್ಗ ಬಿಟ್ಟು ಹೊಲ ಹಿಡಿದವರು. ಅತ್ತೆಯ ಮನೆಯ ಪಡಸಾಲೆಯಲ್ಲಿ ಮೂರು ಕುಣಿಮಗ್ಗ. ನೇಯುವವರು ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತರೆ ದೀಪ ಹಚ್ಚುವವರೆಗೂ ಟಕಟಕ ನಿಲ್ಲುತ್ತಿರಲಿಲ್ಲ. ಲಾಳಿಯೊಳಗೆ ಹಾಕುವ ಕಂಡಿಕೆಗೆ ನೂಲು ಸುತ್ತುವುದು ಹೆಂಗಸರ ಕೆಲಸ. ನನ್ನ ಕೈಯಲ್ಲಿ ನೂಲು ಒಮ್ಮೆ ಸಡಿಲ, ಒಮ್ಮೆ ಬಿಗಿ. ನನ್ನ ಗಂಡ ಕುಣಿಯೊಳಗಿಂದಲೇ ಕೂಗುತ್ತಿದ್ದರು:

“ಈ ಕಂಡಿಕಿ ಯಾರ ಸುತ್ತಿದ್ದು?”

ಉತ್ತರ ಮನೆಮಂದಿಗೆಲ್ಲ ಗೊತ್ತಿತ್ತು. ನಾನು ಅಳುವವಳಲ್ಲ. ನನ್ನ ಸಿಟ್ಟೆಲ್ಲ ಪಾತ್ರೆಗಳ ಮೇಲೆ ಹೋಗುತ್ತಿತ್ತು. ಆ ಮನೆಯ ತಟ್ಟೆಗಳಲ್ಲಿ ನೆಗ್ಗದೇ ಉಳಿದದ್ದು ಕಡಿಮೆ.

ಆದರೆ ಆ ಮನೆಯಲ್ಲಿ ಒಂದು ಒಳ್ಳೆಯ ಕಟ್ಟಳೆ ಇತ್ತು. ಪೂಜೆಗೆ ಕುಳಿತವರನ್ನು ಯಾರೂ ಕರೆಯಬಾರದು. ನನ್ನ ಪೂಜೆ ದಿನದಿಂದ ದಿನಕ್ಕೆ ಉದ್ದವಾಯಿತೆಂದು ಬೇರೆ ಹೇಳಬೇಕಿಲ್ಲ. ಸ್ನಾನ ಮಾಡಿ, ಹಣೆಗೆ ವಿಭೂತಿ ಧರಿಸಿ, ಕೊರಳಿನ ಲಿಂಗವನ್ನು ಬಿಚ್ಚಿ ಎಡ ಅಂಗೈಯಲ್ಲಿ ಇಟ್ಟುಕೊಳ್ಳುತ್ತಿದ್ದೆ. ಕಣ್ಣು ಲಿಂಗದ ಮೇಲೆ, ಮನಸ್ಸು ಬಂಡಿದಾರಿಯ ಮೇಲೆ. ತವರಿನ ಬೇವಿನ ಮರ ಬಂತು, ತಲೆಬಾಗಿಲು ಬಂತು, ಹೊಸ್ತಿಲು ಬಂತು. ಪಡಸಾಲೆಯ ಕಂಬಕ್ಕೆ ಬೆನ್ನು ಆನಿಸಿ ಕುಳಿತೆ ಎಂದುಕೊಂಡ ಕೂಡಲೇ ಉಸಿರು ಹಗುರಾಗುತ್ತಿತ್ತು.

ಒಂದು ದಿನ ಏಳುವಾಗ ಅತ್ತೆ ಕೇಳಿದರು:

“ಎಲ್ಲಿಗೆ ಹೋಗಿದ್ದಿ?”

“ಎಲ್ಲಿಗೂ ಇಲ್ಲರಿ ಅತ್ತಿ. ಇಲ್ಲೇ ಕುಂತಿದ್ನಿ.”

“ಸುಳ್ಳ ಹೇಳಬ್ಯಾಡ. ಮನಸು ಓಡಿದರ ಓಡ್ಲಿ, ನೀ ಅದರ ಬೆನ್ನ ಹತ್ತಬ್ಯಾಡ. ದಣದ ಮ್ಯಾಲ ತಾನ ತಿರುಗಿ ಬರತೈತಿ. ನೀ ಅಂಗೈ ನೋಡಕೋತ ಕುಂದ್ರು.”

ಇದು ಸುಳ್ಳೆಂದು ತೋರಿಸಿಕೊಡಲಿಕ್ಕೆಂದೇ ನಾನು ಹಾಗೆ ಕುಳಿತೆ. ತಿಂಗಳು ಕಳೆದವು. ದಾರಿ ಗಿಡ್ಡವಾಗುತ್ತ ಬಂತು. ಬೇವಿನ ಮರ ಬರುವುದನ್ನು ಬಿಟ್ಟಿತು, ಆಮೇಲೆ ಬಾಗಿಲೂ ಬರಲಿಲ್ಲ. ಕಂಬಕ್ಕೆ ಆನಿಕೊಂಡಾಗಿನ ಆ ನೆಮ್ಮದಿ ಮಾತ್ರ ನೇರವಾಗಿ ಬಂದು ಪಕ್ಕದಲ್ಲಿ ಕುಳಿತುಬಿಡುತ್ತಿತ್ತು. ಎದ್ದ ಮೇಲೂ ಸ್ವಲ್ಪ ಹೊತ್ತು ಇರುತ್ತಿತ್ತು. ಕಂಡಿಕೆಗಳೂ ಸುಧಾರಿಸಿದವು. ಇದೆಲ್ಲ ಮುಧೋಳದ ದಿಕ್ಕಿನ ಪುಣ್ಯವೆಂದು ನಂಬಿ, ನಾನು ಮಣೆಯನ್ನು ಒಂದು ಬೆರಳಿನಷ್ಟೂ ಸರಿಸದೆ ಅದೇ ಕಡೆಗೆ ಇಡುತ್ತಿದ್ದೆ.

ಮುಂದೆ ಬಸಿರಾದೆ. ಬಂಡಿಯ ಕುಲುಕಾಟ ಬೇಡವೆಂದು ಆ ವರ್ಷ ಪಂಚಮಿಗೂ ತವರಿಗೆ ಕಳಿಸಲಿಲ್ಲ. ಚೊಚ್ಚಲ ಬಾಣಂತನ ತವರಲ್ಲೇ ತಾನೆ, ಏಳನೆಯ ತಿಂಗಳಿಗೆ ಅವ್ವ ಬಂದು ಕರೆದೊಯ್ಯುತ್ತಾಳೆ ಎಂದು ಸಮಾಧಾನ ಮಾಡಿಕೊಂಡೆ. ಹುಟ್ಟುವ ಕೂಸು ಮೊದಲು ಕಣ್ಣು ಬಿಡಬೇಕಾದದ್ದು ನಮ್ಮ ಪಡಸಾಲೆಯಲ್ಲಿ, ಆ ಕಂಬದ ಹತ್ತಿರ. ಅದೊಂದೇ ಆಸೆ ನನಗೆ.

ಸಂಕ್ರಾಂತಿ ಮುಗಿದ ಮೇಲೆ ಹಸಿರು ಬಳೆ ಇಡಲಿಕ್ಕೆ ಮುಧೋಳ ಕಡೆಯ ಬಳೆಗಾರ್ತಿ ಬಂದಳು. ಕೈ ಹಿಸುಕುತ್ತ ಹಿಸುಕುತ್ತ ಅಂದಳು:

“ನಿಮ್ಮಪ್ಪ ಇನ್ನಾ ಲೋಕಾಪುರದಾಗ ಅದಾನೇನ ಬೇ? ಮನಿ ಕಟ್ಟಸೂದ ಎಂದಂತ?”

“ಯಾ ಮನಿ?”

ಅವಳ ಕೈ ನಿಂತಿತು. ಆಮೇಲೆ ತಪ್ಪಿಸಿಕೊಳ್ಳಲು ಅವಳಿಗೆ ದಾರಿ ಇರಲಿಲ್ಲ. ಶ್ರಾವಣದ ಜಡಿಮಳೆಗೆ ನಮ್ಮ ಮನೆಯ ಮಣ್ಣಿನ ಮಾಳಿಗೆ ನೆನೆದು ಕುಸಿದಿತ್ತು. ಗೋಡೆಗಳೂ ಅದರ ಜೊತೆಗೇ ಬಿದ್ದಿದ್ದವು. ಮಂದಿಗೂ ದನಗಳಿಗೂ ಏನೂ ಆಗಿರಲಿಲ್ಲ. ಅಪ್ಪ ಅವ್ವ ಲೋಕಾಪುರದಲ್ಲಿ ಸೋದರಮಾವನ ಹಿತ್ತಲಿನ ಕೋಣೆಯಲ್ಲಿದ್ದರು. ಐದು ತಿಂಗಳಾಗಿತ್ತು.

ನಾನು ಅರ್ಧ ಬಳೆ ಇಟ್ಟ ಕೈಯಲ್ಲೇ ಒಳಗೆ ನುಗ್ಗಿದೆ.

“ನಿಮಗ ಗೊತ್ತಿತ್ತೇನ್ರಿ ಅತ್ತಿ?”

“ಗೊತ್ತಿತ್ತು. ಬಸರಿ ಹುಡುಗಿಗೆ ಹೇಳಬ್ಯಾಡ್ರಿ ಅಂತ ನಿಮ್ಮವ್ವನ ಹೇಳಿ ಕಳಿಸಿದ್ದಳು.”

“ನಾ ದಿನಾ ಪೂಜಿಗೆ ಕುಂತಾಗ ಆ ಮನಿಗೇ ಹೋಗತಿದ್ನಿ! ಅದಕ್ಕಂತನ ಒಲಿ ಕಡೆ ಮಾರಿ ಮಾಡಿ ಕುಂದ್ರತಿದ್ನಿ! ಐದ ತಿಂಗಳಿಂದ ಬಿದ್ದ ಮಣ್ಣಿನ ಮುಂದ ಕುಂದ್ರಿಸಿದಿರಲ್ರಿ ನನ್ನ!”

ಅತ್ತೆ ಬಾಯಿ ತೆರೆದು ನಿಂತರು.

“ಅಯ್ಯ, ಹಾಲಿಗಲ್ಲೇನ?”

ಎರಡು ವರ್ಷದ ಅವರ ಹೆಮ್ಮೆಯೂ ಆ ಹೊತ್ತಿಗೇ ಕುಸಿಯಿತು. ಬೇರೆ ದಿನವಾಗಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಅವರು ನನ್ನ ಕೈ ಹಿಡಿದು ಕೂರಿಸಿ ಕೇಳಿದರು:

“ಖರೆ ಹೇಳು. ಈ ಐದ ತಿಂಗಳದಾಗ ಒಂದ ದಿನಾನರ ಅಲ್ಲಿಂದ ಬರಿಗೈಲೆ ತಿರುಗಿ ಬಂದೀಯೇನು?”

ನಾನು ಎದ್ದು ಹೋಗಿ, ಉಳಿದ ಬಳೆ ಇಡಿಸಿಕೊಳ್ಳಲು ಬಳೆಗಾರ್ತಿಯ ಮುಂದೆ ಕೈ ಚಾಚಿದೆ.

ಮರುದಿನ ಬೆಳಿಗ್ಗೆ ಮಣೆ ಹಿಡಿದುಕೊಂಡು ಪಡಸಾಲೆಯ ನಡುವೆ ನಿಂತೆ. ಯಾವ ಕಡೆಗೆ ಇಡಬೇಕೋ ತಿಳಿಯಲಿಲ್ಲ. ಒಲೆಯ ಕಡೆ ನೋಡಲಿಕ್ಕೂ ಮನಸ್ಸಿಲ್ಲ. ಕಡೆಗೆ ನಿಂತಲ್ಲೇ ಇಟ್ಟು ಕುಳಿತೆ. ಮುಖ ಮಗ್ಗಗಳ ಕಡೆಗಿತ್ತು. ಅಂದು ನಾನು ಅತ್ತುಬಿಟ್ಟೆ. ಅಂಗೈಯಲ್ಲಿಯ ಲಿಂಗಕ್ಕೆ ನೀರೆರೆಯುವ ಮೊದಲೇ ಕಣ್ಣೀರು ಬಿತ್ತು. ಮನಸ್ಸು ಓಡಿತು, ನಾನು ತಡೆಯಲಿಲ್ಲ. ಮಣ್ಣಿನ ಗುಡ್ಡೆ ಕಂಡಿತು, ಕಂಬ ಕಾಣಲಿಲ್ಲ. ಎಷ್ಟೋ ಹೊತ್ತು ಹುಡುಕಿ ಹುಡುಕಿ ದಣಿದು ಅದು ತಾನಾಗಿ ತಿರುಗಿ ಬಂತು. ಮಗ್ಗ ಟಕಟಕ ಅನ್ನುತ್ತಲೇ ಇತ್ತು. ಆ ಸದ್ದಿನ ನಡುವೆಯೇ ಅದೇ ಹಳೆಯ ನೆಮ್ಮದಿ ಬಂದು ಪಕ್ಕದಲ್ಲಿ ಕುಳಿತಿತು. ಗೋಡೆ ಬಿದ್ದ ದಿನವೂ ಅದು ಬಂದಿತ್ತು. ಬಿದ್ದದ್ದು ನನಗೆ ಗೊತ್ತಿರಲಿಲ್ಲ, ಅಷ್ಟೆ. ಮೊದಲು ನಾಚಿಕೆಯಾಯಿತು, ಆಮೇಲೆ ಹೇಳಲಾರದಷ್ಟು ಸಂತೋಷವಾಯಿತು.

ಆ ವಾರವೇ ಅವ್ವ ಬಂದು ಲೋಕಾಪುರಕ್ಕೆ ಕರೆದೊಯ್ದಳು. ಹಿತ್ತಲಿನ ಕೋಣೆಯ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿಕೊಂಡು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು.

“ನಮ್ಮ ಮನ್ಯಾಗ ನಿನ್ನ ಬಾಣಂತನ ಮಾಡಬೇಕಂತ ಭಾಳ ಆಸೆ ಇತ್ತ ಮಗಳ.”

ಮರುದಿನ ಸ್ನಾನ ಮುಗಿಸಿ ಬಂದಾಗ ಅವ್ವ ಮಣೆ ಹಿಡಿದುಕೊಂಡು ನಿಂತಿದ್ದಳು. ಒಂದೇ ಕಿಟಕಿಯ ಸಣ್ಣ ಕೋಣೆ. ಒಂದು ಕಡೆ ಜೋಳದ ಚೀಲ, ಇನ್ನೊಂದು ಕಡೆ ನನಗೆ ಮಲಗಲೆಂದು ತಂದ ಹೊರಸು. ಅವಳು ಆಚೆ ಈಚೆ ನೋಡಿ ಅಳುಕುತ್ತ ಕೇಳಿದಳು:

“ಯಾ ಕಡೆ ಹಾಕಲಿ? ಅಲ್ಲಿ ನಿನಗ ಹೆಂಗ ರೂಢಿ ಐತಿ?”

ನಾನು ಕೊರಳಿನ ಲಿಂಗವನ್ನು ಬಿಚ್ಚುತ್ತ ಅಂದೆ:

“ಯಾ ಕಡೆಗರ ಹಾಕ ಬೇ ಯವ್ವಾ. ಎಲ್ಲಿ ಕುಂತರೂ ನಾ ಮನಿಗೇ ಹೋಗತೀನಿ.”